ಮಂತ್ರವಾದಿನಿ ಬಿದ್ದ ಗುಂಡಿ

ಅನಿತಳ ಮಂತ್ರವಾದಿನಿ ಗುಂಡಿಗೆ ಬಿದ್ದು ಸತ್ತದ್ದೇ ಎಲ್ಲ ರಗಳೆಗೂ ಮೂಲ.

ಸತ್ತದ್ದು ಆಟದಲ್ಲಿ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಪಾಳು ಕೋಟೆಯಲ್ಲಿ ನಿಧಿ ಹುಡುಕುವ ಆಟ. ಕತ್ತಲಲ್ಲಿ ಏನು ಎದುರಾಯಿತು, ಯಾರಿಗೆ ಏನಾಯಿತು ಎಂದು ಹೇಳುವವನು ಯಜಮಾನ. ದೊಡ್ಡಬಳ್ಳಾಪುರದ ಆ ಮನೆಯಲ್ಲಿ ಭಾನುವಾರದ ಯಜಮಾನ ರವಿಶಂಕರ್. ಮಿಕ್ಕ ಆರು ದಿನ ಆತ ಮನೆಯಳಿಯ. ಸೋಂಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆದರೂ ಅಲ್ಲಿ ಮಿಷನ್ನುಗಳು ಕೂಡ ಅವನ ಮಾತು ಕೇಳುತ್ತಿರಲಿಲ್ಲ. ಮನೆಯಲ್ಲೋ, ಫ್ಯಾನಿನ ಸ್ಪೀಡನ್ನೂ ಅತ್ತೆ ಶಕುಂತಲಮ್ಮನೇ ನಿರ್ಧರಿಸಬೇಕು. ಅವರು ಅಡುಗೆಮನೆ ಸೇರಿದ ಮೇಲೆ ಅವರ ಬೆತ್ತದ ಕುರ್ಚಿಯಲ್ಲಿ ಕೂತು ವಾರಕ್ಕೆ ಮೂರು ಗಂಟೆ ಆಳುವುದೊಂದೇ ಅವನ ಬಾಳಿನ ಸುಖ.

"ಗುಂಡಿ ಬಳಸ್ಕೊಂಡು ಹೋಗ್ತೀನಿ ಅಂದ್ನಲ್ರೀ! ನೀವು ನಕ್ಷೆ ಬರೆಯೋವಾಗ್ಲೇ ನೋಡಿದ್ದೆ," ಎಂದಳು ಹೆಂಡತಿ ಅನಿತ.

"ನಿಂಗೆ ಗೊತ್ತು. ನಿನ್ನ ಮಂತ್ರವಾದಿನಿಗೆ ಗೊತ್ತಿಲ್ಲ. ಬಿದ್ಲು, ಸತ್ಲು."

"ಇದೆಲ್ಲ ಓಬೀರಾಯನ ಕಾಲದ ರೂಲ್ಸು. ಹೊಸ ರೂಲ್‌ಬುಕ್ ತಗೊಳ್ಳಿ. ಅದ್ರಲ್ಲಿ ಮೂರು ಸಲ ದಾಳ ಸೋತ್ರೇನೇ ಸಾವು."

"ಅದು ಆಟಾನಾ? ಐಸಿಯು!"

ಫ್ಯಾಕ್ಟರಿಯ ಗೆಳೆಯ ನಂದೀಶನೂ ಬಾಯಿ ಹಾಕಿದ. "ನಂಗೂ ಹೊಸದೇ ಬೇಕು ಗುರು. ಇಲಿ ಕಚ್ಚಿ ತಿಂಗಳಾಯ್ತು, ನನ್ನ ವೀರ ಇನ್ನೂ ಕುಂಟ್ತಾವ್ನೆ. ಹೊಸದ್ರಲ್ಲಿ ಒಂದು ರಾತ್ರಿ ಮಲಗೆದ್ರೆ ಎಲ್ಲ ಗಾಯಾನೂ ಮಾಯ."

"ಮಲಗಿದ್ರೆ ವಾಸಿಯಾಗೋದಾದ್ರೆ ನೈಟ್ ಶಿಫ್ಟಲ್ಲಿ ನಿಂಗೆ ನೆಗಡೀನೂ ಬರ್ಬಾರ್ದಿತ್ತು ಕಣೋ."

ಅಷ್ಟರಲ್ಲಿ ಕರೆಂಟ್ ಹೋಯಿತು. ಪಕ್ಕದ ಮನೆಯ ಮಗ್ಗಗಳು ನಿಂತವು. ಮಗ್ಗ ನಿಂತರೆ ಅವುಗಳ ಮಾಲೀಕ ಕೋದಂಡರಾಮಯ್ಯನವರ ಕಾಲು ನಿಲ್ಲುವುದಿಲ್ಲ; ಸೀದಾ ಒಳಗೆ ಬಂದರು.

"ಏನಪ್ಪಾ ಗಲಾಟೆ? ಹಳೇದು, ಹೊಸದು ಅಂತಿದ್ರಿ. ಏನು ವ್ಯತ್ಯಾಸ?"

"ಹಳೇದ್ರಲ್ಲಿ ದಾಳ ಬಿದ್ದಂಗೆ ಹಣೆಬರಹ ಸಾರ್," ಎಂದ ರವಿಶಂಕರ್. "ಹೊಸದು ಮದುವೆ ಬ್ರೋಕರ್ ಬಯೋಡಾಟ ಇದ್ದಂಗೆ. ಎಲ್ರೂ ಬಲಶಾಲಿಗಳು, ಎಲ್ರೂ ಬುದ್ಧಿವಂತರು, ಎಲ್ರೂ ಎಣ್ಣೆಗೆಂಪು."

"ವೋಟಿಗೆ ಹಾಕ್ಬಿಡಿ," ಎಂದರು ಕೋದಂಡರಾಮಯ್ಯ, ಕುರ್ಚಿ ಎಳೆದುಕೊಳ್ಳುತ್ತ.

ರವಿಶಂಕರ್ ಲೆಕ್ಕ ಹಾಕಿದ. ಹೊಸ ರೂಲ್ಸು ಬಂದರೆ ಪುಸ್ತಕವೇ ಯಜಮಾನ. ತಾನು ಭಾನುವಾರವೂ ಅಳಿಯ. ಮೆಲ್ಲಗೆ ಅವರ ಕಿವಿಗೆ ಬಾಗಿದ. "ಹಳೇದಕ್ಕೆ ಹಾಕಿ ಸಾರ್, ನಿಮ್ಮನ್ನ ಕೋಟೆಗೆ ಸೇನಾಪತಿ ಮಾಡ್ತೀನಿ."

"ಕುದುರೆ?"

"ಎರಡು ಕೊಡ್ತೀನಿ."

"ಹಳೇದೇ ಚೆಂದ ಬಿಡಪ್ಪಾ!"

ಎರಡಕ್ಕೆರಡು. ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲಿಗೆ ಹೋಯಿತು. ಶಕುಂತಲಮ್ಮ ಸೌಟು ಹಿಡಿದೇ ಬಂದರು.

"ನೋಡಿ ಅತ್ತೆ," ರವಿಶಂಕರನ ದನಿ ಬೆಣ್ಣೆಯಾಯಿತು, "ಹೊಸದು ಅಂದ್ರೆ ಪುಸ್ತಕದ ಮಾತು. ಹಳೇದು ಅಂದ್ರೆ ಹಿರೀಕರ ಮಾತು."

"ಕುರ್ಚೀಲಿ ಕೂತೋರು ಹೇಳಿದ್ದೇ ಕೊನೇನಾ?"

"ಕೊನೇನೇ! ಯಾರೂ ತುಟಿ ಬಿಚ್ಚಂಗಿಲ್ಲ."

"ಹಂಗಾದ್ರೆ ಹಳೇದೇ ಇರ್ಲಿ."

ರವಿಶಂಕರ್ ಕುರ್ಚಿಯಿಂದ ಚಿಮ್ಮಿ ಎದ್ದು ಅತ್ತೆಯ ಕಾಲಿಗೆ ಬಾಗಿದ. ತಲೆ ಎತ್ತುವಷ್ಟರಲ್ಲಿ ಕಾಲುಗಳು ಅಲ್ಲಿರಲಿಲ್ಲ. ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತಾಗಿತ್ತು.

"ವರ್ಷದಿಂದ ಒಳಗಿಂದ ಕೇಳ್ತಾ ಇದೀನಿ, ಎಲ್ಲ ಗೊತ್ತು," ಎಂದರು. "ಅನಿತ ಬದುಕಿದ್ಲು. ಗುಂಡೀಲಿ ಹುಲ್ಲಿತ್ತು. ನಂದೀಶಪ್ಪ, ನಿನ್ನ ಕಾಲಿಗೆ ಅರಿಶಿನ ಹಚ್ಚಿದೀನಿ, ನಡಿ. ಕೋದಂಡರಾಮಯ್ಯನೋರೇ, ಕುದುರೆ ಹತ್ತಿ. ಅಳಿಯಂದ್ರೇ, ನೀವು ಹೊಸಬ್ರು. ದಾಳ ಹಾಕಿ."

ಮೂರು ದಾಳ ಸೇರಿ ಹದಿನೆಂಟಕ್ಕೆ ಶಕ್ತಿ ನಾಲ್ಕು ಬಿತ್ತು. ಬುದ್ಧಿ ಐದು.

"ಸರಿಯಾಗೇ ಬಿದ್ದಿದೆ," ಎಂದಳು ಅನಿತ.

"ಪಂಜು ಹಿಡ್ಕೊಂಡು ಮುಂದೆ ನಡೀರಿ ಅಳಿಯಂದ್ರೇ."

"ಅತ್ತೆ, ಮುಂದೆ ಗುಂಡಿ ಇದೆ! ನಾನೇ ಬರೆದಿರೋದು!"

"ನಿಮಗೆ ಗೊತ್ತು. ಪಂಜಿನೋನಿಗೆ ಗೊತ್ತಿಲ್ಲ. ಬಿದ್ದ, ಸತ್ತ."

"ಹುಲ್ಲಿತ್ತಲ್ಲ ಅತ್ತೆ!"

"ಇತ್ತು. ನೀವು ಕೊಟ್ಟ ಎರಡು ಕುದುರೆ ತಿಂದ್ಬಿಟ್ವು."

ಕರೆಂಟ್ ಬಂತು. ಪಕ್ಕದಲ್ಲಿ ಮಗ್ಗಗಳು ಮತ್ತೆ ಬಡಿದುಕೊಳ್ಳತೊಡಗಿದವು. ಸೇನಾಪತಿಗಳು ಮಾತ್ರ ಕದಲಲಿಲ್ಲ.

ಅತ್ತೆ ನಕ್ಷೆಯಿಂದ ಕಣ್ಣೆತ್ತದೆ ಹೇಳಿದರು: "ಸತ್ತೋರು ಸುಮ್ನೆ ಯಾಕೆ ಕೂತಿದೀರಿ ಅಳಿಯಂದ್ರೇ? ಎದ್ದು ಫ್ಯಾನ್ ಎರಡಕ್ಕೆ ಇಡಿ. ಹಂಗೇ ಸಾರು ಕೆಳಗಿಳಿಸಿ."