ನೂರು ಗ್ರಾಂ ಮರಳು

ಇಷ್ಟಕ್ಕೆಲ್ಲ ಕಾರಣ, ಗೃಹಯಂತ್ರಗಳ ವಿಮರ್ಶೆ ಪ್ರಕಟಿಸುವ ಮಾಸಪತ್ರಿಕೆಯೊಂದರ ಪರೀಕ್ಷಾ ಕೊಠಡಿಗೆ ಬಣ್ಣ ಬಳಿಯುತ್ತಿದ್ದುದು. ಹಾಗಾಗಿ ಅಲ್ಲಿನ ಯಂತ್ರಪರೀಕ್ಷಕ ಎರಡು ವ್ಯಾಕ್ಯೂಮ್ ಕ್ಲೀನರ್‌ಗಳನ್ನು, ಒಂದು ಕೆಂಪು ಒಂದು ನೀಲಿ, ಮನೆಗೇ ಹೊತ್ತು ತಂದ. ಮನೆ ಎಂದರೆ ಅತ್ತೆಯ ಮನೆ. ಅಳೆಯದೆ ಉಪ್ಪನ್ನೂ ಹಾಕಿಕೊಳ್ಳದ ಅವನಿಗೆ ನೆರೆಹೊರೆಯವರು ‘ತಕ್ಕಡಿ ಅಳಿಯ’ ಎಂದು ಹೆಸರಿಟ್ಟಿದ್ದರು.

ಬೆಳಗ್ಗೆಯೇ ಸಂಪಾದಕರು ಗುಡುಗಿದ್ದರು: “ನಿಮ್ಮ ಅಂಕಿ ನೋಡಿ ಓದುಗರು ಆಕಳಿಸ್ತಾರೆ ಕಣ್ರೀ. ಅವರಿಗೆ ಅನುಭವ ಬೇಕಂತೆ. ಐದು ಗಂಟೆಯೊಳಗೆ ಕಣ್ಣಿಗೆ ಹೊಡೆಯೋ ಫಲಿತಾಂಶ ಕೊಡಿ. ಇಲ್ಲಾಂದ್ರೆ ಪುಟ ಅನುಭವ ಬರೆಯೋರಿಗೆ.”

ಅಳಿಯ ಹನ್ನೆರಡು ವರ್ಷ ಮಗುವಿನಂತೆ ಸಾಕಿದ ವಿಮರ್ಶೆಯ ಪುಟ ಅದು.

ನಡುಮನೆಯ ಕಾರ್ಪೆಟ್ಟಿನ ಮೇಲೆ ಸರಿಯಾಗಿ ನೂರು ಗ್ರಾಂ ಮರಳು ಚೆಲ್ಲಿದ. ಒಂದು ನಿಮಿಷ ಯಂತ್ರ ಓಡಿಸುವುದು, ಚೀಲಕ್ಕೆ ಬಂದ ಮರಳನ್ನು ತೂಗುವುದು, ಇಷ್ಟೇ ಪರೀಕ್ಷೆ. ಸದ್ದು ಕೇಳಿ ಪಕ್ಕದ ಮನೆಯ ಹಲ್ಲಿನ ಡಾಕ್ಟರೂ ಮೇಲಿನ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರೂ ಕರೆಯದೆಯೇ ಬಂದು ಸೋಫಾ ಹಿಡಿದರು.

“ಕೆಂಪೇ ಗೆಲ್ಲೋದು. ಅದರ ಗತ್ತು ನೋಡಿ!” ಎಂದರು ಡಾಕ್ಟರು.

“ಗತ್ತನ್ನ ತೂಗೋಕಾಗುತ್ತೇನ್ರೀ?” ಎಂದ ಅಳಿಯ.

ಕೆಂಪು ಹೀರಿದ್ದು ಅರವತ್ತೆರಡು ಗ್ರಾಂ. ಅತ್ತೆ ಅಡುಗೆಮನೆಯಿಂದ ಬರುವ ಹೊತ್ತಿಗೆ ಮೇಷ್ಟ್ರು ಕಾರ್ಪೆಟ್ಟಿಗೆ ಬಗ್ಗಿ, “ಅಬ್ಬಬ್ಬಾ, ಇನ್ನೂ ಎಷ್ಟೊಂದು ಮಣ್ಣು ಈ ಮನೇಲಿ!” ಎನ್ನುತ್ತಿದ್ದರು. ಅತ್ತೆಯ ಮುಖ ಆ ಯಂತ್ರಕ್ಕಿಂತ ಕೆಂಪಾಯಿತು.

ಕಾರ್ಪೆಟ್ ಕೊಡವಿ, ಹೊಸದಾಗಿ ಮರಳು ಚೆಲ್ಲಿ, ನೀಲಿಯನ್ನು ಓಡಿಸಿ ನಿಲ್ಲಿಸಿದ್ದಷ್ಟೇ, ಸಂಪಾದಕರ ಫೋನು ಬಂತು. ಅಳಿಯ ಬಾಲ್ಕನಿಗೆ ಓಡಿದ. ಬೈಗುಳ ಕೇಳುವ ಆಸೆಯಿಂದ ಇಬ್ಬರೂ ಹಿಂಬಾಲಿಸಿದರು.

ತಿರುಗಿ ಬಂದು ತೂಗಿದರೆ ತೊಂಬತ್ತೊಂಬತ್ತು! ಕಾರ್ಪೆಟ್ ಫಳಫಳ.

“ನೋಡಿದ್ರಾ? ಅಂಕಿ ಸುಳ್ಳು ಹೇಳಲ್ಲ!” ಎಂದು ಅಳಿಯ ನಿಂತಲ್ಲೇ ಕುಣಿದು ವರದಿ ಕಳಿಸಿದ. “ಭೇಷ್! ಪುಟ ನಿಮ್ಮದೇ,” ಎಂದು ಸಂಪಾದಕರ ಉತ್ತರವೂ ಬಂತು.

“ಎಂಥಾ ಯಂತ್ರ ಕಣ್ರೀ ಈ ನೀಲಿ!” ಎಂದು ಡಾಕ್ಟರು ಪಕ್ಷ ಬದಲಿಸಿದಾಗ ಅತ್ತೆಗೆ ತಡೆಯಲಾಗಲಿಲ್ಲ.

“ಯಂತ್ರಾನೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ! ಅರ್ಧ ಮರಳು ಅಲ್ಲೇ ಬಿಟ್ಟಿತ್ತು. ಮತ್ತೆ ಇವರ ಬಾಯಿಗೆ ಬೀಳ್ಬೇಕಾ ನಾನು? ನೀವೆಲ್ಲ ಬಾಲ್ಕನೀಲಿದ್ದಾಗ ಪೊರಕೆಯಿಂದ ಗುಡಿಸಿ ಆ ಚೀಲಕ್ಕೇ ಸುರಿದೆ.”

ಅಳಿಯ ಸೋಫಾದಲ್ಲಿ ಕುಸಿದ. ಆದರೂ ಸುಳ್ಳು ಅಂಕಿ ಅಚ್ಚಾಗುವುದನ್ನು ಅವನ ಜೀವ ಒಪ್ಪಲಿಲ್ಲ. ಸಂಪಾದಕರಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿಬಿಟ್ಟ. ಆ ಕಡೆಯಿಂದ ಬಂದದ್ದು ನಗು.

“ಯಂತ್ರ ಸೋತು ಪೊರಕೆ ಗೆಲ್ತಾ! ಇದಪ್ಪಾ ಅನುಭವ ಅಂದ್ರೆ! ಫೋನ್ ಅತ್ತೆಯವರಿಗೆ ಕೊಡ್ರೀ.”

ಮುಂದಿನ ತಿಂಗಳಿಂದ ಪುಟ ಅತ್ತೆಯದಾಯಿತು. ಅವರು ಹೇಳುತ್ತ ಹೋದರು, ಅಳಿಯ ಟೈಪ್ ಮಾಡಿದ. ಮೊದಲ ವಿಮರ್ಶೆ ಅಳಿಯ ಮರಳು ತೂಗಿದ್ದ ಡಿಜಿಟಲ್ ತಕ್ಕಡಿಯದು: ‘ನೋಡಲು ಲಕ್ಷಣವಾಗಿದೆ. ಆದರೆ ನಂಬುವಂತಿಲ್ಲ.’