ಎದ್ದು ಹೋದವರ ಪಾಳಿ

ಸಹನಾ, ಶರಣು, ಇಬ್ಬರೂ ಜಗಳವಾಡದೆ ಒಟ್ಟಿಗೆ ಕುಳಿತು ಓದಿರಿ. ನಿಮ್ಮ ಮಸ್ಕಿ ಅಜ್ಜಿಗೆ ಮಾತು ಕಡಿಮೆ ಎಂದು ನಿಮಗೆ ಗೊತ್ತು. ಮನೆಗೆ ಯಾರಾದರೂ ಬಂದರೆ ನೀರಿನ ತಂಬಿಗೆ ಮೊದಲು ಹೊರಗೆ ಹೋಗುತ್ತದೆ, ನಾನು ಅವರು ಎದ್ದು ಹೋದ ಮೇಲೆ ಹೊರಗೆ ಬರುತ್ತೇನೆ. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದರೆ ಲಿಂಗಸುಗೂರು ಎನ್ನುವಷ್ಟರಲ್ಲಿ ಬಸ್ಸು ಅರ್ಧ ದಾರಿ ದಾಟಿರುತ್ತದೆ. ಆದರೆ ಬಾಯಿ ನಾಚುತ್ತದೆ ಎಂದು ಬುದ್ಧಿಯೂ ನಾಚಬೇಕಾಗಿಲ್ಲ. ಯಾರಾದರೂ ಒಂದು ನಿಯಮ ಹೇಳಿದರೆ ಸಾಕು, ನನ್ನ ಬುದ್ಧಿ ಸೆರಗು ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತದೆ. ನಿಯಮದಲ್ಲಿ ಏನು ಹೇಳಿದೆ ಎಂದು ಎಲ್ಲರೂ ನೋಡುತ್ತಾರೆ. ಏನು ಹೇಳಿಲ್ಲ ಎಂದು ನಾನು ನೋಡುತ್ತೇನೆ.

ಇದು ಹಳ್ಳಿಯ ಶಾಲೆಯಲ್ಲಿ ಕಲಿತದ್ದಲ್ಲ, ಅತ್ತೆಯ ಮನೆಯಲ್ಲಿ ಕಲಿತದ್ದು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ ಹೇಳಿದ್ದರು, ಮನೆಯವರ ಊಟ ಎಲ್ಲ ಮುಗಿದ ಮೇಲೆ ಸೊಸೆ ಉಣ್ಣಬೇಕು ಎಂದು. ನಾನು ತಲೆಯಾಡಿಸಿದೆ. ಊಟದ ಮಾತು ಅವರು ಹೇಳಿದರು ಸರಿ, ಆದರೆ ರುಚಿ ನೋಡುವುದರ ಬಗ್ಗೆ ಏನೂ ಹೇಳಲಿಲ್ಲವಲ್ಲ. ಪಲ್ಯದಲ್ಲಿ ಉಪ್ಪು ಸರಿ ಇದೆಯೇ ಎಂದು ರೊಟ್ಟಿಯ ತುಣುಕಿನಿಂದ ನೋಡಬೇಕಾಗುತ್ತದೆ. ಉಪ್ಪು ಸರಿಯಿದ್ದರೆ ಖಾರ ನೋಡಬೇಕಾಗುತ್ತದೆ. ಕೆಂಪು ಚಟ್ನಿಯನ್ನು ಎಣ್ಣೆ ಹಾಕಿಯೂ ನೋಡಬೇಕು, ಮೊಸರು ಹಾಕಿಯೂ ನೋಡಬೇಕು. ಹೀಗೆ ನೋಡುತ್ತ ನೋಡುತ್ತ ಒಂದು ರೊಟ್ಟಿ ತೀರುತ್ತಿತ್ತು. ನಿಮ್ಮ ತಾತನಿಗೆ ಇದು ಹೇಗೋ ಗೊತ್ತಾಯಿತು. ಗೊತ್ತಾದ ಮೇಲೆ ನಾನು ರುಚಿ ನೋಡುವ ಹೊತ್ತಿಗೆ ಸರಿಯಾಗಿ ಅವರು ಪಡಸಾಲೆಯಲ್ಲಿ ತಾಯಿಯ ಹತ್ತಿರ ಕುಳಿತು ಎತ್ತು, ಹೊಲ, ಮಳೆ ಎಂದು ಜೋರಾಗಿ ಮಾತು ತೆಗೆಯುತ್ತಿದ್ದರು. ಇನ್ನೂ ಎರಡು ಮಾತು ಎಳೆಯುತ್ತಿದ್ದರೆ ನಾನು ಇನ್ನೂ ಅರ್ಧ ರೊಟ್ಟಿ ನೋಡಬಹುದು ಎಂದು ಅರ್ಥ. ಅಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ. ಇರಲಿ, ನಾನು ಹೇಳಲು ಹೊರಟದ್ದು ಚೌಕಾಬಾರದ ಮಾತು.

ಚೌಕಾಬಾರಕ್ಕೆ ಬರೆದ ನಿಯಮ ಎಂಬುದೇ ಇರಲಿಲ್ಲ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಇಪ್ಪತ್ತೈದು ಮನೆ ಗೀಚಿ, ಹುಣಸೆ ಬೀಜ ಒಡೆದು, ಬಳೆಯ ಚೂರು ಇಟ್ಟುಕೊಂಡು ಆಡುತ್ತಿದ್ದೆವು. ಬೀಜ ಒಗೆದು, ಬೆಳ್ಳಗೆ ಬಿದ್ದಷ್ಟು ಎಣಿಸಿ, ಕಾಯಿ ನಡೆಸಬೇಕು. ಎದುರಾಳಿಯ ಕಾಯಿ ನಿಂತ ಮನೆಗೆ ನಮ್ಮ ಕಾಯಿ ಹೋದರೆ ಅದು ಸತ್ತು ಮೊದಲಿನ ಮನೆಗೆ ಮರಳಬೇಕು. ನಾಲ್ಕೂ ಕಾಯಿ ನಡುಮನೆ ಸೇರಿಸಿದವರು ಗೆದ್ದರು. ಪ್ರತಿ ಸಲವೂ ಜಗಳವಾಗುತ್ತದೆ ಎಂದು ಸಹನಾ, ನೀನೇ ಹಳೆಯ ಕ್ಯಾಲೆಂಡರಿನ ರಟ್ಟಿನ ಹಿಂದೆ ನಿಯಮಗಳನ್ನು ಬರೆದು ನಿಮ್ಮ ಲಿಂಗಸುಗೂರಿನ ಮನೆಯ ಗೋಡೆಗೆ ತೂಗುಹಾಕಿದೆ. ಅಂದಿನಿಂದ ಜಗಳ ಇನ್ನೂ ಚೆನ್ನಾಗಿ ಆಗತೊಡಗಿತು. ಮೊದಲು ಬಾಯಿಗೆ ಬಂದದ್ದನ್ನು ಹೇಳಿ ಜಗಳವಾಡುತ್ತಿದ್ದೆವು, ಈಗ ನೀನು ಬರೆದದ್ದನ್ನು ಓದಿ ಜಗಳವಾಡುತ್ತೇವೆ.

ಈ ಸಲ ದಸರೆಗೆ ಮುಂಚೆ ನಿಮ್ಮ ಅವ್ವನಿಗೆ, ನನ್ನ ಮಗಳು ಉಮಾಗೆ, ಜ್ವರ ಬಂದಿತ್ತಲ್ಲ, ಆಗ ಅವಳನ್ನು ನೋಡಿಕೊಳ್ಳಲು ನಾನು ಮಸ್ಕಿಯಿಂದ ಬಂದೆ, ನಿಮ್ಮ ದಢೇಸುಗೂರು ಅಜ್ಜಿ ನೀಲಮ್ಮನವರೂ ಬಂದರು. ಜ್ವರ ಬೇಗ ಬಿಟ್ಟು ಹೋಯಿತು. ನಾವಿಬ್ಬರು ಹೋಗಲಿಲ್ಲ. ಕಾರಣ ಒಂದೇ. ದಸರಾ ರಜೆಗೆ ನೀವು ಯಾರ ಮನೆಗೆ ಹೋಗಬೇಕು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮೊದಲು ಎದ್ದು ಊರಿಗೆ ಹೋದವರು ಸೋತಂತೆ ಎಂದು ಇಬ್ಬರಿಗೂ ಅನ್ನಿಸಿತ್ತು. ನೀಲಮ್ಮನವರ ಮನೆಯಲ್ಲಿ ಎಮ್ಮೆ ಇದೆ, ಕಾಲುವೆ ಇದೆ, ಹಸಿರು ಭತ್ತದ ಗದ್ದೆ ಇದೆ. ನನ್ನ ಮನೆಯಲ್ಲಿ ನಾನಿದ್ದೇನೆ. ನೀವು ಬಂದರೆ ನಾನು ದಿನವೆಲ್ಲ ಮಾತಾಡುತ್ತೇನೆ. ನೀವಿಲ್ಲದ ದಿನ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. ಈ ಮಾತನ್ನು ಬೀಗತಿಯ ಎದುರಿಗೆ ಹೇಳುವುದು ಹೇಗೆ? ಸುಮ್ಮನೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆ.

ಅವತ್ತು ಎರಡನೆಯ ಶನಿವಾರ. ನೀವು ಬೆಳಗಿನ ಶಾಲೆಗೆ ಹೋಗಿದ್ದಿರಿ. ನಿಮ್ಮ ಅಪ್ಪನಿಗೆ ಬ್ಯಾಂಕಿನ ರಜೆ, ಒಳಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಉಮಾಳನ್ನು ನೋಡಿ ಹೋಗಲು ನನ್ನ ತಮ್ಮ ಅಮರಣ್ಣ ಹಟ್ಟಿಯಿಂದ ಬಂದಿದ್ದ. ಅವನು ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತನಾದವನು. ಯಂತ್ರದ ಸದ್ದಿನ ನಡುವೆ ಮಾತಾಡಿ ಮಾತಾಡಿ ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುತ್ತದೆ. ನಮ್ಮಿಬ್ಬರ ಮುಖ ನೋಡಿಯೇ ಅವನಿಗೆ ಸಂಗತಿ ತಿಳಿಯಿತು.

"ಹಿಂಗ ಮಕ ಗಂಟು ಹಾಕ್ಕೊಂಡು ಎಷ್ಟು ದಿನ ಕುಂದರ್ತೀರಿ? ಚೌಕಾಬಾರ ಆಡ್ರಿ. ಗೆದ್ದವರ ಮನೀಗೆ ಹುಡುಗರು. ಪಂಚ ನಾನು" ಎಂದ.

"ಅಕ್ಕ ಆಡೋದು, ತಮ್ಮ ಪಂಚ ಆಗೋದು. ಭಾಳ ಛಲೋ ನ್ಯಾಯ" ಎಂದರು ನೀಲಮ್ಮನವರು. ಆದರೂ ಬೀಜ ಕೈಗೆ ತೆಗೆದುಕೊಂಡರು.

ಅವರು ಚೆನ್ನಾಗಿ ಆಡುತ್ತಾರೆ, ಸುಳ್ಳು ಹೇಳಬಾರದು. ಸ್ವಲ್ಪ ಹೊತ್ತಿನಲ್ಲೇ ಎರಡು ಕಾಯಿ ನಡುಮನೆ ಸೇರಿಸಿ, ಮೂರನೆಯದನ್ನು ಬಾಗಿಲ ತನಕ ತಂದು ನಿಲ್ಲಿಸಿದರು. ಅವರ ಪಾಳಿ ಬಂತು. ಅಷ್ಟರಲ್ಲಿ ಅವರ ಫೋನು ಬಡಿಯಿತು. ದಢೇಸುಗೂರಿನಿಂದ ನಿಮ್ಮ ತಾತ, ಹೆಪ್ಪಿನ ಗಡಿಗೆ ಎಲ್ಲಿಟ್ಟಿದ್ದಿ ಎಂದು ಕೇಳಲು ಮಾಡಿದ್ದರು. ನಿಮ್ಮ ಮನೆಯಲ್ಲಿ ಫೋನು ಒಳಗೆ ಬಡಿದರೂ ಮಾತು ಕೇಳಿಸುವಷ್ಟು ಸಿಗ್ನಲ್ ಸಿಗುವುದು ಹೊರಗಿನ ಕಟ್ಟೆಯಲ್ಲಿ ಮಾತ್ರ. ಅವರು ಎದ್ದು ಹೋದರು. ನಾನು ತಲೆ ಎತ್ತಿ ಗೋಡೆಯ ರಟ್ಟು ನೋಡಿದೆ. ಸಹನಾ, ನಿನ್ನ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಎದ್ದು ಹೋದವರ ಪಾಳಿ ಮುಂದಿನವರಿಗೆ.' ನಾನು ಒಮ್ಮೆ ಒಗೆದೆ. ಆಮೇಲೆ ಇನ್ನೊಮ್ಮೆ ಒಗೆದೆ. ನೀಲಮ್ಮನವರು ಹೆಪ್ಪಿನ ಗಡಿಗೆ ಹುಡುಕಿಸಿಕೊಟ್ಟು ಬರುವಷ್ಟರಲ್ಲಿ ಬಾಗಿಲಿನಲ್ಲಿದ್ದ ಅವರ ಕಾಯಿ ತವರಿಗೆ ಹೋಗಿತ್ತು.

"ಅಯ್ಯ ಶಿವನ! ನನ್ನ ಕಾಯಿ ಎಲ್ಲಿ ಹೋತು?"

ನಾನು ಅವರೆಕಾಯಿ ಸುಲಿಯತೊಡಗಿದೆ. "ಸತ್ತೈತ್ರಿ" ಎಂದ ಅಮರಣ್ಣ. "ನಮ್ಮಕ್ಕ ಎರಡು ಸರ್ತಿ ಒಗದಾಳ. ಒಂದು ನಿಮ್ಮ ಪಾಳಿ, ಒಂದು ತನ್ನ ಪಾಳಿ."

"ಎದ್ದು ಹೋದ್ರ ಮುಂದಿನವರು ತಮ್ಮ ಪಾಳಿ ಆಡ್ಲಿ ಅಂತ ನನ್ನ ಮೊಮ್ಮಗಳು ಬರದಾಳ. ನನ್ನ ಪಾಳಿನೂ ಬಾಚ್ಕೊಂಡು ಆಡ್ರಿ ಅಂತ ಎಲ್ಲಿ ಬರದಾಳ?"

ನನ್ನಲ್ಲಿ ಉತ್ತರವಿತ್ತು. ಪಕ್ಕದಲ್ಲಿ ಕುಳಿತು ಆಟ ನೋಡುತ್ತಿದ್ದ ಉಮಾಳ ಕಿವಿಯಲ್ಲಿ ಹೇಳಿದೆ. ಅವಳು ನಗು ತಡೆದುಕೊಂಡು ಗಟ್ಟಿಯಾಗಿ ಹೇಳಿದಳು: "ಅತ್ತಿ, ನಮ್ಮವ್ವ ಅಂತಾಳ್ರಿ, ಪಾಳಿ ಮುಂದಿನವರಿಗೆ ಅಂತ ಐತಿ, ಪಾಳಿ ರದ್ದು ಅಂತ ಇಲ್ಲ. ಬಂದಿದ್ದನ್ನ ಬ್ಯಾಡ ಅನ್ನಾಕ ತಾ ಯಾರು ಅಂತಾಳ್ರಿ."

"ಬಾಯಿ ಇಲ್ಲ ಬಾಯಿ ಇಲ್ಲ ಅಂತಾರ, ನೋಡು ಮತ್ತ!" ಎಂದರು ನೀಲಮ್ಮನವರು.

ಅಮರಣ್ಣ ಪಂಚನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡ. "ನಮ್ಮ ಗಣ್ಯಾಗ ಒಬ್ಬಾಂವ ಬರಲಿಲ್ಲಂದ್ರ ಇದ್ದಾಂವ ಎರಡೂ ಪಾಳಿ ಮಾಡ್ತಿದ್ದ" ಎಂದ. "ಅದು ಗಣಿ, ಇದು ಮನಿ" ಎಂದರು ಅವರು. "ಆತು, ಗಣಿ ಬ್ಯಾಡ, ನಿಮ್ಮ ಕಾಲುವಿ ಮಾತ ಬರ್ಲಿ. ನಿಮ್ಮ ಮ್ಯಾಲಿನ ಹೊಲದಾಂವ ನೀರಿನ ಪಾಳಿಗೆ ಬರಲಿಲ್ಲ. ಅವನ ನೀರು ಯಾರ ಹೊಲಕ್ಕ?"

"ನಮ್ಮ ಹೊಲಕ್ಕ."

"ಆಮ್ಯಾಲೆ ನಿಮ್ಮ ಪಾಳಿ ನೀರು?"

"ಅದೇನು ಬಿಟ್ಟು ಕೊಡ್ತೀವೇನು? ಅದೂ ನಮ್ಮ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಬೀಗತಿಯ ದೊಡ್ಡ ಗುಣ ಇದು. ಕಾಲುವೆಯ ಮೇಲೆ ಅವರು ಸುಳ್ಳು ಹೇಳುವುದಿಲ್ಲ. "ಮಂಜೂರು" ಎಂದು ಸೆರಗು ಸರಿಮಾಡಿಕೊಂಡು ಕುಳಿತರು. ನಾನು ಸುಲಿದ ಅವರೆಕಾಳು ಒಂದು ಬಾಯಿಗೆ ಹಾಕಿಕೊಂಡೆ. ಅಷ್ಟು ಗೆಲುವಾಗಿತ್ತು ನನಗೆ.

ಆ ಗೆಲುವು ಬಹಳ ಹೊತ್ತು ಇರಲಿಲ್ಲ. ನನ್ನ ಪಾಳಿ ಬಂದ ಕೂಡಲೇ ನೀಲಮ್ಮನವರು ಒಳಕೋಣೆಯಲ್ಲಿದ್ದ ಮಗನ ಕಡೆ ತಿರುಗಿ, "ವೀರೇಶಾ, ನನ್ನ ಚಸ್ಮಾ ತಂದು ಕೊಡಪ್ಪ" ಎಂದು ಕೂಗಿದರು. ನಮ್ಮಲ್ಲಿ ಅಳಿಯ ಬಂದರೆ ಅತ್ತೆ ಕುಳಿತಿರುವುದಿಲ್ಲ, ನಿಮಗೆ ಗೊತ್ತಲ್ಲ. ನಿಮ್ಮ ಅಪ್ಪನ ಹೆಜ್ಜೆಯ ಸದ್ದು ಕೇಳಿದರೆ ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದುಬಿಡುತ್ತವೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಯ ಪರದೆಯ ಹಿಂದೆ ಹೋದೆ. ಅವರು ಚಸ್ಮಾ ಕೊಟ್ಟು ಹೋದ ಮೇಲೆ ಬಂದು ನೋಡಿದರೆ ನನ್ನ ಒಂದು ಕಾಯಿ ಸತ್ತಿತ್ತು.

"ಎರಡು ಸರ್ತಿ ಒಗದ್ನಿ, ಅಕ್ಕಾರ. ಎದ್ದು ಹೋದವರ ಪಾಳಿ. ಕಾಲುವಿ ದಸ್ತೂರ" ಎಂದರು ನೀಲಮ್ಮನವರು ಬಹಳ ಮೃದುವಾಗಿ.

ಮುಂದೆ ನನ್ನ ಪಾಳಿ ಬಂದಾಗಲೆಲ್ಲ ಅವರಿಗೆ ಏನಾದರೊಂದು ಬೇಕಾಗುತ್ತಿತ್ತು. ವೀರೇಶಾ, ನೀರು. ವೀರೇಶಾ, ಫ್ಯಾನು ಜರಾ ಜೋರು ಮಾಡು. ವೀರೇಶಾ, ಫ್ಯಾನು ಜರಾ ಕಡಿಮಿ ಮಾಡು. ನಿಮ್ಮ ಅಪ್ಪ ಪಾಪ, ನೆಲ ನೋಡುತ್ತ ಬಂದು ನೆಲ ನೋಡುತ್ತ ಹೋಗುತ್ತಿದ್ದರು. ನಾನು ಪರದೆಯ ಹಿಂದಕ್ಕೂ ಮುಂದಕ್ಕೂ ಓಡಾಡಿ ದಣಿದೆ. ಪಂಚನ ಮುಖ ನೋಡಿದರೆ ಅವನು ಕೈ ಚೆಲ್ಲಿದ. "ಏನ್ ಮಾಡ್ಲಬೇ ಅಕ್ಕ? ಫೈಸಲಾ ನಾನ ಕೊಟ್ಟೀನಿ."

ಪರದೆಯ ಹಿಂದೆ ನಿಂತು ಯೋಚಿಸಿದೆ. ಬೀಜ ಒಗೆಯುವ ಸದ್ದು ಕೇಳುತ್ತಿತ್ತು. ಹೀಗೇ ಬಿಟ್ಟರೆ ರಜೆಯೆಲ್ಲ ಕುಕ್ಕರಿನ ಸಂಗಡ ಕಳೆಯಬೇಕು. ಅಳಿಯನ ಎದುರು ಕುಳಿತರೆ ಬೀಗತಿ ಊರಿಗೆಲ್ಲ ಹೇಳುತ್ತಾರೆ. ಆಗ ನನ್ನ ಬುದ್ಧಿ ತನ್ನ ಹಳೆಯ ಕೆಲಸಕ್ಕೆ ಹೊರಟಿತು. ಉಮಾಳ ಮದುವೆಯಲ್ಲಿ ನಮ್ಮವ್ವ ನನಗೆ ಹೇಳಿದ್ದೇನು? ಅಳಿಯನ ಮುಖಕ್ಕೆ ಮುಖ ಕೊಟ್ಟು ಕೂಡಬಾರದು ಎಂದು. ಮುಖದ ಮಾತು ಹೇಳಿದ್ದಳು. ಬೆನ್ನಿನ ಮಾತು ಎತ್ತಿರಲೇ ಇಲ್ಲ.

ಹೊರಗೆ ಬಂದೆ. ಗೋಡೆಗೆ ಮುಖ ಮಾಡಿ, ಆಟಕ್ಕೂ ಜನಕ್ಕೂ ಬೆನ್ನು ಕೊಟ್ಟು, ಸೆರಗು ಹೊದ್ದು ಗಟ್ಟಿಯಾಗಿ ಕುಳಿತುಬಿಟ್ಟೆ.

"ಇದೇನ್ರಿ ಇದು?" ಎಂದರು ನೀಲಮ್ಮನವರು. "ವೀರೇಶಾ, ಬಾ ಇಲ್ಲಿ!"

ನಿಮ್ಮ ಅಪ್ಪ ಬಂದರು. ನಾನು ಏಳಲಿಲ್ಲ. ಹೆಗಲ ಮೇಲಿಂದ ಹಿಂದಕ್ಕೆ ಬೀಜ ಒಗೆದೆ. ಅಮರಣ್ಣ ಎಣಿಸಿದ, ನಾನು ಹೇಳಿದ ಕಾಯಿ ನಡೆಸಿದ. ಆಟದ ಮನೆಗಳೆಲ್ಲ ನನಗೆ ಬಾಯಿಪಾಠ, ಕಣ್ಣು ಬೇಕಾಗಿರಲಿಲ್ಲ. ಎದ್ದು ಹೋದರೆ ತಾನೇ ಪಾಳಿ ಹೋಗುವುದು? ನಾನು ಎದ್ದೇ ಇಲ್ಲವಲ್ಲ. ಒಂದೊಂದಾಗಿ ನನ್ನ ಕಾಯಿಗಳು ನಡುಮನೆ ಸೇರತೊಡಗಿದವು. ನೀಲಮ್ಮನವರಿಗೆ ಅನುಮಾನ ಬಂತು. "ತಮ್ಮ ಎಣಿಸಿದ್ದು ನಾ ನಂಬಂಗಿಲ್ಲ. ಇನ್ನ ಮ್ಯಾಲೆ ನನ್ನ ಮಗ ಎಣಿಸ್ತಾನ" ಎಂದು ನಿಮ್ಮ ಅಪ್ಪನನ್ನು ಅಲ್ಲೇ ಕೂಡಿಸಿದರು.

ಕೊನೆಗೆ ಇಬ್ಬರಿಗೂ ಒಂದೊಂದೇ ಕಾಯಿ ಉಳಿಯಿತು. ನನಗೆ ಮೂರು ಬೀಳಬೇಕು. ಒಗೆದೆ. ಬೀಜಗಳು ನೆಲದ ಬಂಡೆಯ ಮೇಲೆ ಹೊರಳಿ ಎಲ್ಲೋ ನಿಂತ ಸದ್ದಾಯಿತು. ಉಮಾ ಬಾಯಿಗೆ ಸೆರಗು ತುರುಕಿಕೊಂಡಿದ್ದಳಂತೆ, ಅಮರಣ್ಣ ಉಸಿರು ಹಿಡಿದಿದ್ದನಂತೆ. ಗೋಡೆ ನೋಡುತ್ತ ಕುಳಿತ ನನಗೆ ಏನು ಗೊತ್ತಾಗಬೇಕು? ತಡೆಯಲಾರದೆ ಬಾಯಿ ಬಿಟ್ಟೆ.

"ಎಷ್ಟ್ ಬಿದ್ದಾವ್ರಿ?"

ಉಮಾಳ ಮದುವೆಯಾದಂದಿನಿಂದ ನಿಮ್ಮ ಅಪ್ಪನ ಹತ್ತಿರ ನಾನು ನೇರವಾಗಿ ಆಡಿದ ಮೊದಲ ಮಾತು ಅದು.

"ಮೂರು, ಅತ್ತಿ. ಮೂರು ಬಿದ್ದಾವ್ರಿ."

"ಅಯ್ಯ ನನ್ನ ಮಗನ! ಒಂದು ಬೀಜ ಕಾಲಾಗ ಹೊರಳಿಸಾಕ ಬರ್ಲಿಲ್ಲೇನಲೇ ನಿನಗ?" ಎಂದರು ನೀಲಮ್ಮನವರು.

"ಮೂರು ಬಿದ್ದ್ರ ಮೂರ ಅನಬೇಕಲ್ಲಬೇ ಯವ್ವಾ" ಎಂದರು ನಿಮ್ಮ ಅಪ್ಪ. ಅವತ್ತಿನಿಂದ ಅವರ ಮೇಲೆ ನನಗೆ ಮೊದಲಿಗಿಂತ ಹೆಚ್ಚು ಗೌರವ.

ಗೆದ್ದ ಗತ್ತಿನಲ್ಲಿ ಮಸ್ಕಿಗೆ ಬಂದು ಮನೆಯೆಲ್ಲ ತೊಳೆದೆ. ಶೇಂಗಾ ಹೋಳಿಗೆ ಮಾಡಿಟ್ಟೆ. ರಜೆಯ ಮೊದಲ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತೆ. ಬಸ್ಸಿನಿಂದ ಸಹನಾ ಇಳಿದಳು, ಶರಣು ಇಳಿದ. ಆಮೇಲೆ ಒಂದು ದೊಡ್ಡ ಚೀಲ ಇಳಿಯಿತು. ಚೀಲದ ಹಿಂದೆ ನೀಲಮ್ಮನವರು ಇಳಿದರು.

"ಹುಡುಗರು ಗೆದ್ದವರ ಮನೀಗೆ ಅಂದಿದ್ರು. ಸೋತವರು ತಮ್ಮ ಮನ್ಯಾಗ ಇರಬೇಕು ಅಂತ ಯಾರರ ಅಂದಿದ್ರೇನು, ಅಕ್ಕಾರ?" ಎಂದರು.

ಎಷ್ಟು ಯೋಚಿಸಿದರೂ ಯಾರೂ ಅಂದಿರಲಿಲ್ಲ. ನಾನು ಅವರ ಕೈಯಿಂದ ಚೀಲ ತೆಗೆದುಕೊಂಡೆ.

ಮುಂದಿನದು ನಿಮ್ಮ ಕಣ್ಣೆದುರಿಗೇ ನಡೆದದ್ದು. ದಿನವೂ ಊಟವಾದ ಮೇಲೆ ಚೌಕಾಬಾರ, ದಿನವೂ ನಾನೇ ಸೋತೆ. ಶರಣು, ನೀನು ನನ್ನ ಬೆನ್ನು ತಟ್ಟಿ, "ನಿನಗ ಆಡಾಕ ಬರಂಗಿಲ್ಲ ಬಿಡಜ್ಜಿ" ಎಂದೆ. ನಮ್ಮ ಮನೆಗೆ ಬಂದು ಕುಳಿತ ಬೀಗತಿಯನ್ನು ನಮ್ಮ ನೆಲದ ಮೇಲೇ ಸೋಲಿಸಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಮಗೂ. ಅದಕ್ಕೆ ಬೇಕೆಂದೇ ಸೋತೆ. ಲಿಂಗಸುಗೂರಿನ ಆಟ ನೀವು ನೋಡಲಿಲ್ಲವಲ್ಲ, ನೋಡದೆ ನನ್ನನ್ನು ಸೋತವಳೆಂದೇ ತಿಳಿಯಬಾರದು ಎಂದು ಇಷ್ಟೆಲ್ಲ ಬರೆದೆ. ಕೊನೆಯ ಒಂದೆರಡು ಆಟಗಳಲ್ಲಿ ನಾನು ಗೆಲ್ಲಲು ಹೋಗಿಯೂ ಸೋತೆನೇನೋ. ಅದನ್ನು ಬಿಡಿಸಿ ಬರೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಜೋಪಾನ ಎಂದರೆ ದಢೇಸುಗೂರು ಅಜ್ಜಿಯ ಕೈಗೆ ಸಿಗದ ಜಾಗ ಎಂದಷ್ಟೇ ಅರ್ಥ. ಅವರಿಗೆ ಓದಿ ಹೇಳಬೇಡಿರಿ ಎಂದು ಎಲ್ಲಿ ಬರೆದಿದೆ ಎಂದು ಮಾತ್ರ ಕೇಳಬೇಡಿರಿ. ಕೇಳುತ್ತೀರಿ ಎಂದು ನನಗೆ ಗೊತ್ತು. ನನ್ನ ಮೊಮ್ಮಕ್ಕಳಲ್ಲವೇ ನೀವು.