ನೌಕೆಯ ಬೆನ್ನಿನ ಹೊಲಿಗೆ

ಮನುಷ್ಯರಿಗೆ ಮುಖ ಅಂತ ಒಂದಿರುತ್ತದೆ ಎನ್ನುವುದೇ ನಮ್ಮತ್ತೆಗೆ ಗೊತ್ತಿಲ್ಲ! ಅವರು ನೋಡುವುದು ಹೊಲಿಗೆಯನ್ನು. ಯಾರೇ ಎದುರಿಗೆ ಬರಲಿ, ಅವರ ಕಣ್ಣು ಸೀದಾ ಕಾಲರಿಗೆ ಹೋಗಿ, ತೋಳಿನಗುಂಟ ಇಳಿದು, ಅಂಗಿಯ ಅಂಚಿನಲ್ಲಿ ಬಂದು ನಿಲ್ಲುತ್ತದೆ. ಮೂರು ತಿಂಗಳಿಗೆಂದು ಜಪಾನಿಗೆ, ಟೋಕಿಯೋ ಪಕ್ಕದ ಉರಯಾಸುವಿನ ನಮ್ಮ ಮನೆಗೆ ಬಂದವರು ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡು ಆಡಿದ ಮೊದಲ ಮಾತು "ಚೆನ್ನಾಗಿದ್ದೀಯೇನೇ" ಅಲ್ಲ.

"ಈ ಚೂಡಿದಾರ ಯಾರೇ ಹೊಲಿದಿದ್ದು? ಕಂಕುಳಲ್ಲಿ ಎಳೀತಿದೆ!"

ನೀವೇ ಹೇಳಿ, ಮೈ ಉರಿಯುತ್ತದೋ ಇಲ್ಲವೋ?

ಟೋಕಿಯೋಗೆ ಹೋಗುವ ರೈಲಿನಲ್ಲಿ ಜನ ಉಸಿರಾಡುವುದೂ ಪಕ್ಕದವರಿಗೆ ತೊಂದರೆಯಾಗದ ಹಾಗೆ. ಅಂಥ ರೈಲಿನಲ್ಲಿ ನಮ್ಮತ್ತೆ, ತೂಕಡಿಸುತ್ತಿದ್ದ ಪಕ್ಕದ ಸೀಟಿನವನ ಕೋಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿಯೇ ಬಿಟ್ಟರು! ಆತ ಗಾಬರಿಯಿಂದ ಎದ್ದ. ನಾನು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ಬಗ್ಗಿದ ಸೊಂಟ ಮೂರು ಸ್ಟೇಷನ್ ದಾಟಿದರೂ ನೆಟ್ಟಗಾಗಲಿಲ್ಲ. ಆ ಪುಣ್ಯಾತ್ಮನೋ, ಏನಾಯಿತೆಂದು ತಿಳಿಯದೆ ತಾನೂ "ಸುಮಿಮಾಸೆನ್" ಅಂದ.

"ಒಳಗಡೆ ಕೈಹೊಲಿಗೆ ಕಣೇ," ಅತ್ತೆ ಇಡೀ ಬೋಗಿಗೆ ಕೇಳುವಂತೆ ತೀರ್ಪು ಕೊಟ್ಟರು. "ಮನುಷ್ಯ ಒಳ್ಳೆಯವನೇ."

ಇದಾದರೂ ಪರವಾಗಿಲ್ಲ. ಚೀಲದ ಕಥೆ ಕೇಳಿ. ಇಲ್ಲಿನ ಶಿಶುವಿಹಾರದವರು ತಾಯಂದಿರ ಪ್ರಾಣ ಹಿಂಡುತ್ತಾರೆ. ಮಗುವಿನ ಪುಸ್ತಕದ ಚೀಲ ಇಷ್ಟೇ ಉದ್ದ, ಇಷ್ಟೇ ಅಗಲ, ಮನೆಯಲ್ಲೇ ಹೊಲಿದಿದ್ದರೆ ಒಳ್ಳೆಯದು ಅಂತ ಚಿತ್ರ ಬರೆದು ಕಳಿಸುತ್ತಾರೆ. ನಾನು ಅಂಗಡಿಯಿಂದ ತಂದು, ನಾನೇ ಹೊಲಿದೆ ಅಂದಿದ್ದೆ. ಟೀಚರಿಗೆ ಗೊತ್ತಾಗಲಿಲ್ಲ. ಅತ್ತೆಗೆ ಗೊತ್ತಾಯಿತು! ಒಂದು ದಿನ ಬೆಳಗ್ಗೆ ನೋಡುತ್ತೇನೆ, ಚೀಲ ಬಿಚ್ಚಿ ತುಂಡು ತುಂಡಾಗಿ ಊಟದ ಮೇಜಿನ ಮೇಲೆ ಹರಡಿದೆ.

"ಅತ್ತೆ! ಸ್ಕೂಲಿಗೆ ಇನ್ನು ಹತ್ತೇ ನಿಮಿಷ!"

"ಇಂಚಿಗೆ ಆರೇ ಆರು ಹೊಲಿಗೆ ಹಾಕಿದ್ದಾನೆ ಕಳ್ಳ. ಇದನ್ನ ನಾನೇ ಹೊಲಿದೆ ಅಂತ ಹೇಳ್ಕೊಂಡೆಯಲ್ಲ, ನಾಚಿಕೆ ಆಗಲ್ವಾ?"

ಅವತ್ತು ನನ್ನ ಮಗಳು ಪುಸ್ತಕಗಳನ್ನು ಕೊಂಬಿನಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋದಳು. ಸಂಜೆ ಟೀಚರಿಂದ ಚೀಟಿ ಬಂತು: ಮನೆಯಲ್ಲಿ ಏನಾದರೂ ತೊಂದರೆಯೇ? ಇದೆ ತಾಯಿ, ಇದೆ!

ಹಾಗಂತ ಅವರೇನು ಟೈಲರ್ ಅಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಉಪಗ್ರಹಗಳಿಗೆ ಹೊದಿಕೆ ಹೊಲಿದವರು. ಫೋಟೋಗಳಲ್ಲಿ ಉಪಗ್ರಹದ ಮೈಮೇಲೆ ಹೊಳೆಯುವ ಚಿನ್ನದ ಬಣ್ಣದ ಕೌದಿ ನೋಡಿದ್ದೀರಲ್ಲ, ಅದು. ಬಿಸಿಲಿಗೂ ಚಳಿಗೂ ಯಂತ್ರ ಕೆಡದಿರಲಿ ಅಂತ ಹೊದಿಸುತ್ತಾರೆ. ಹೊಲಿದು ಕೊಟ್ಟರೆ ಮುಗಿಯಿತು, ಅದು ಮೇಲೆ ಹೋಗುತ್ತದೆ, ಅಲ್ಲೇ ಇರುತ್ತದೆ.

ಅವರು ವಾಪಸ್ ಹೊರಡುವುದಕ್ಕೆ ಒಂದು ವಾರವಿತ್ತು. ಟಿವಿಯಲ್ಲಿ ಸುದ್ದಿ ಬಂತು: ಹಲವು ಸಲ ಬಾಹ್ಯಾಕಾಶಕ್ಕೆ ಹೋಗಿ ಬಂದ ಒಂದು ಪುಟ್ಟ ನೌಕೆ ನಿವೃತ್ತಿಯಾಗಿದೆ, ದೊಡ್ಡ ಸರಕು ವಿಮಾನದ ಹೊಟ್ಟೆಯಲ್ಲಿ ಕೂತು ಇಲ್ಲಿನ ಒಂದು ಮ್ಯೂಸಿಯಂಗೆ ಕೊನೆಯ ಪ್ರಯಾಣ ಮಾಡಲಿದೆ. ಬಂದ ದಿನ ಒಂದು ಗಂಟೆ ಜನರಿಗೆ ತೋರಿಸುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಬಾಗಿಲು ಬಂದ್. ಅದೇ ದಿನಕ್ಕೆ ನಾನು ಕ್ಯೋಟೋ ಪ್ರವಾಸ ಗೊತ್ತುಮಾಡಿದ್ದೆ!

"ಅದರ ಬೆನ್ನ ಮೇಲೆ ಹೊಲಿದ ಹೊದಿಕೆ ಇದೆ ಕಣೇ. ಮೇಲೆ ಹೋಗಿ ವಾಪಸ್ ಬಂದ ಹೊಲಿಗೇನ ನಾನೊಂದ್ಸಲ ಹತ್ತಿರದಿಂದ ನೋಡ್ಬೇಕು."

"ಮತ್ತೆ ಕ್ಯೋಟೋ?"

"ಕ್ಯೋಟೋ ಏನು ಎದ್ದು ಓಡಿಹೋಗುತ್ತಾ?"

"ನೌಕೇನೂ ಓಡಿಹೋಗಲ್ಲ ಅತ್ತೆ, ರಿಟೈರ್ ಆಗಿದೆ!"

"ನಾನು ಹೋಗ್ತೀನಲ್ಲೇ!"

ನನ್ನ ಗಂಡ ಎಂಬ ಮಹಾನುಭಾವರು "ಅಮ್ಮ ಹೇಳಿದ ಹಾಗೆ ಮಾಡು" ಎಂದು ಆಫೀಸಿಗೆ ಪರಾರಿಯಾದರು. ಅವರಿಗೇನು, ಅಲೆಯುವವಳು ನಾನು ತಾನೇ!

ಎರಡು ರೈಲು, ಒಂದು ಬಸ್ಸು. ವಿಮಾನ ನಿಲ್ದಾಣದ ಬೇಲಿಯ ಹೊರಗೆ ನೂರಾರು ಜನ ಕ್ಯಾಮೆರಾ ಹಿಡಿದು ಸಾಲಾಗಿ ನಿಂತಿದ್ದರು. ವಿಮಾನ ಇಳಿಯಿತು. ಬಾಗಿಲು ತೆರೆಯಿತು. ಹೊರಗೆ ಬಂದದ್ದೇನು? ಒಂದು ದೊಡ್ಡ ಮರದ ಪೆಟ್ಟಿಗೆ! ಜನ ಚಪ್ಪಾಳೆ ತಟ್ಟಿದರು. ಒಬ್ಬ ಅಜ್ಜ ಟೋಪಿ ತೆಗೆದು, ಪೆಟ್ಟಿಗೆಗೆ ತಲೆಬಾಗಿ "ಅರಿಗಾತೋ" ಎಂದು ಧನ್ಯವಾದ ಹೇಳಿದರು. ನನ್ನ ಪಿತ್ತ ನೆತ್ತಿಗೇರಿತು.

"ಕ್ಯೋಟೋ ಬಿಟ್ಟು ಪೆಟ್ಟಿಗೆ ನೋಡೋಕೆ ಬಂದ್ವಾ ಅತ್ತೆ?"

"ಮೊಳೆ ನೀಟಾಗಿ ಹೊಡೆದಿದ್ದಾರೆ," ಅಂದರು ಅತ್ತೆ.

ಮ್ಯೂಸಿಯಂ ಮುಂದೆ ಮೂರು ಗಂಟೆ ಕ್ಯೂ. ಒಳಗೆ ಬಿಟ್ಟಾಗ ಪೆಟ್ಟಿಗೆ ಬಿಚ್ಚಿತ್ತು. ಒಂದು ಸ್ಕೂಲ್ ವ್ಯಾನಿನಷ್ಟು ನೌಕೆ, ಹೊಟ್ಟೆಗೆ ಕಪ್ಪು ಬಿಲ್ಲೆಗಳು, ಬೆನ್ನಿಗೆ ಕಂದಿದ ಬಿಳಿ ಹೊದಿಕೆ. ಸುತ್ತಲೂ ಹಗ್ಗ. ಎಲ್ಲರೂ ಹಗ್ಗದಿಂದ ಇನ್ನೂ ಒಂದು ಮಾರು ಹಿಂದೆಯೇ ನಿಂತಿದ್ದರು. ನಮ್ಮತ್ತೆ? ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗದಡಿ ನುಸುಳಿಯೇ ಬಿಟ್ಟರು!

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಮವಸ್ತ್ರದ ಹುಡುಗಿಯೊಬ್ಬಳು ಓಡಿ ಬಂದಳು. ನಾನೂ ಓಡಿದೆ. ಆದರೆ ಅತ್ತೆಯ ಹತ್ತಿರ ಬಂದವಳು ಸುಮ್ಮನೆ ನಿಂತುಬಿಟ್ಟಳು. ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ಏನನ್ನೂ ಮುಟ್ಟುತ್ತಿರಲಿಲ್ಲ. ಮುಖವನ್ನು ಮಾತ್ರ ಹೊದಿಕೆಯ ಹತ್ತಿರ ತಂದು, ಒಂದೊಂದೇ ಹೊಲಿಗೆಯನ್ನು ನೋಡುತ್ತಾ ಪಕ್ಕಕ್ಕೆ ಸರಿಯುತ್ತಿದ್ದರು.

"ಸಾಕು ಬನ್ನಿ ಅತ್ತೆ! ಇದರಲ್ಲೂ ತಪ್ಪು ಹುಡುಕಬೇಕಾ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

ಅವರು ತಿರುಗಲಿಲ್ಲ. "ಮೂವತ್ತು ವರ್ಷ ಹೊಲಿದೆ ಕಣೇ. ಹೋಗಿದ್ದು ಒಂದೂ ವಾಪಸ್ ಬರಲಿಲ್ಲ. ಸಿಗ್ನಲ್ ಬಂತು ಅಂತ ದೊಡ್ಡೋರೆಲ್ಲ ಕೈ ಕುಲುಕಿಕೊಳ್ಳೋರು, ನಮಗೂ ಸ್ವೀಟ್ ಕೊಡೋರು. ನನ್ನ ದಾರ ತಡೀತೋ ಇಲ್ವೋ ಅಂತ ನಾನು ಯಾರನ್ನ ಕೇಳಲಿ?"

ನಾನೂ ಬಗ್ಗಿ ನೋಡಿದೆ. ಬಟ್ಟೆ ಕಂದಿತ್ತು, ಅಲ್ಲಲ್ಲಿ ಸುಟ್ಟ ಕಲೆ. ದಾರದ ಬಣ್ಣ ಪೂರ್ತಿ ಹೋಗಿತ್ತು. ಅತ್ತೆ ಆ ತುದಿಯವರೆಗೂ ಹೋಗಿ ನಿಂತರು.

"ಒಂದು ಹೊಲಿಗೇನೂ ಬಿಟ್ಕೊಂಡಿಲ್ಲ," ಅಂದರು. ಆ ಹುಡುಗಿ ನಾವು ಹೊರಗೆ ಬರಲೆಂದು ಹಗ್ಗವನ್ನು ಎತ್ತಿ ಹಿಡಿದು ಕಾಯುತ್ತಿದ್ದಳು.

ಅತ್ತೆ ನನ್ನ ಕೈ ಹಿಡಿದುಕೊಂಡರು.

"ನನ್ನವೂ ಹಿಡ್ಕೊಂಡಿರ್ತವೆ ಅಲ್ವೇನೇ?"

ನನಗೇನು ಗೊತ್ತು ಆಕಾಶದ ವಿಷಯ? ಮೂರು ತಿಂಗಳಿಂದ ಅವರ ಒಂದೊಂದು ಮಾತಿಗೂ ಎದುರಾಡಿದವಳು, "ಹಿಡ್ಕೊಂಡಿರ್ತವೆ ಅತ್ತೆ," ಅಂದೆ. "ಎಲ್ಲಾ ಹಿಡ್ಕೊಂಡಿರ್ತವೆ."